ಟಗರು ಗುದ್ದಿದ ದವಡೆ

ಘಟಪ್ರಭಾದ ಆಸ್ಪತ್ರೆಯ ಬಾಗಿಲಲ್ಲಿ ಬೀಗರ ಬಿಳಿ ಟೋಪಿ ಕಂಡದ್ದೇ ಸತ್ತೆವ್ವನ ಎದೆ ಧಸಕ್ಕೆಂದಿತು. ಗಂಡ ಮಾಲಿಂಗಪ್ಪನನ್ನು ಅವಳು ಆ ಬೆಳಿಗ್ಗೆಯಷ್ಟೇ ಮೂಡಲಗಿ ಕಡೆಯ ಹೊಲದ ಮನೆಯಿಂದ ಟೆಂಪೋದಲ್ಲಿ ಮಲಗಿಸಿಕೊಂಡು ತಂದು ಇಲ್ಲಿ ಸೇರಿಸಿದ್ದಳು. ಅಷ್ಟರಲ್ಲೇ ಸುದ್ದಿ ಹುಕ್ಕೇರಿ ದಾಟಿ ಬೀಗರ ಊರು ದಡ್ಡಿ ಮುಟ್ಟಿತ್ತು. ಊಟದ ಹೊತ್ತಿಗೆ ಬೀಗ ಶೆಟ್ಟೆಪ್ಪ, ಬೀಗಿತಿ ಲಗಮವ್ವ ಇಬ್ಬರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಹಾಜರಾಗಿದ್ದರು. ಅವರ ಮಗ ಯಲ್ಲೇಶನಿಗೂ ಸತ್ತೆವ್ವನ ಮಗಳು ದೀಪಾಳಿಗೂ ಮದುವೆ ನಿಶ್ಚಯವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

ಶೆಟ್ಟೆಪ್ಪ ಮಂಚದ ಹತ್ತಿರ ನಿಂತು ಮಾಲಿಂಗಪ್ಪನ ಮೂಗು ಬಾಯಿ ಮುಚ್ಚಿದ್ದ ಆಕ್ಸಿಜನ್ ಮಾಸ್ಕನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಆದರೂ ನಗುವುದಕ್ಕೆ ನೋಡಿದ.

"ಏನ್ರಿ ಬೀಗ್ರ, ಮತ್ತ ಟಗರಿನ ಕೂಡ ಕುಸ್ತಿ ಹಿಡದ್ರೇನ? ಹ್ವಾದ ವರ್ಷ ದವಡಿ ಮುರಕೊಂಡ್ರಿ. ಈ ವರ್ಷ ಎದಿ ಕೊಟ್ರೇನ?"

ಮಾಸ್ಕಿನ ಒಳಗೆ ಮಾಲಿಂಗಪ್ಪನ ತುಟಿ ಓರೆಯಾಯಿತು. ಅದು ನಗುವೆಂದು ಶೆಟ್ಟೆಪ್ಪ ತಿಳಿದ. ಎಡಗಿವಿಯ ಕೆಳಗಿನಿಂದ ಗದ್ದದವರೆಗೆ ಇಳಿದಿದ್ದ ಹೊಲಿಗೆಯ ಗೆರೆ ಅವನು ಉಸಿರೆಳೆದಾಗಲೆಲ್ಲ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಲಗಮವ್ವ ಸ್ಟೂಲು ಎಳೆದುಕೊಂಡು ಬೀಗನ ತಲೆಯ ಹತ್ತಿರವೇ ಕೂತುಬಿಟ್ಟಳು.

"ಸತ್ತೆಕ್ಕಾ, ನೀ ಎರಡ ತುತ್ತ ಉಣ್ಣು. ನಾವ್ ಬಂದೇವಿಲ್ಲ. ಇವರು ಎದ್ದ ಕುಂತ ಮ್ಯಾಲನ ನಾವು ದಡ್ಡಿ ಮಾರಿ ನೋಡೂದು."

ಸತ್ತೆವ್ವ ರೊಟ್ಟಿ ಮುರಿದಳು. ಮುರಿದದ್ದನ್ನು ಬುತ್ತಿಯ ಬಟ್ಟೆಯ ಮೇಲೆಯೇ ಇಟ್ಟಳು. ಬೀಗರು ಬಂದು ನೋಡಿ ಹೋಗುತ್ತಾರೆ, ಆಮೇಲೆ ಡಾಕ್ಟರರ ಕಿವಿಯಲ್ಲಿ ಖರೆ ಮಾತು ಹೇಳಿದರಾಯಿತು ಎಂದು ಅವಳು ಲೆಕ್ಕ ಹಾಕಿದ್ದಳು. ಈಗ ಅವರು ಹೋಗುವುದೇ ಇಲ್ಲ.

ಖರೆ ಮಾತೆಂದರೆ ಇಷ್ಟು. ಮಾಲಿಂಗಪ್ಪನ ದವಡೆಗೆ ಯಾವ ಟಗರೂ ಗುದ್ದಿರಲಿಲ್ಲ. ಅವರ ಮನೆಯಲ್ಲಿ ಟಗರು ಇದ್ದದ್ದು ನಿಜ. ಗೋಕಾಕ ಸೀಮೆಯ ಟಗರಿನ ಕಾಳಗಗಳಲ್ಲಿ ಅದು ಹೆಸರು ಮಾಡಿದ್ದೂ ನಿಜ. ಆದರೆ ಮಾಲಿಂಗಪ್ಪ ಕೈಯೊಡ್ಡಿದರೆ ಬೆಲ್ಲ ನೆಕ್ಕಿ ಸುಮ್ಮನೆ ನಿಲ್ಲುವ ಪ್ರಾಣಿ ಅದು. ಅವನ ಕೆನ್ನೆಯೊಳಗೆ, ತಂಬಾಕು ಸುಣ್ಣ ತಿಕ್ಕಿ ಇಡುತ್ತಿದ್ದ ಜಾಗದಲ್ಲಿ, ಮಾಯದ ಹುಣ್ಣೊಂದು ಎದ್ದಿತ್ತು. ಬೆಳಗಾವಿಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ದವಡೆಯ ಒಂದು ಭಾಗ, ಕುತ್ತಿಗೆಯ ಗಂಟುಗಳು ಎಲ್ಲ ತೆಗೆದರು. ಅದೇ ಹೊತ್ತಿಗೆ ದೀಪಾಳಿಗೆ ದಡ್ಡಿಯಿಂದ ಮದುವೆಯ ಮಾತು ಬಂದಿತ್ತು.

ಸುಳ್ಳು ಹುಟ್ಟಿಸಿದವನು ಮಾಲಿಂಗಪ್ಪನೇ. ಬ್ಯಾಂಡೇಜು ಸುತ್ತಿದ ಮುಖ ಹೊತ್ತು ಊರಿಗೆ ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಹೇಳಿದ್ದ: "ಆ ಬ್ಯಾನಿ ಹೆಸರ ತಗದ್ರ ನಮ್ಮ ಮನಿ ನೀರ ಸೈತ ಯಾರೂ ಕುಡಿಯೂದಿಲ್ಲ. ಟಗರ ಗುದ್ದಿತ ಅನ್ನೂಣು. ಕುರುಬರ ಮನ್ಯಾಗ ಅದನ್ನ ನಂಬಲಾರದಾಂವ ಯಾಂವ?" ಯಾರೂ ನಂಬದೆ ಇರಲಿಲ್ಲ. ಹೇಳುತ್ತ ಹೇಳುತ್ತ ಆ ಕಥೆಗೆ ಕೈಕಾಲು ಬಂದವು. ಟಗರು ಎಷ್ಟು ಹಿಂದೆ ಸರಿಯಿತು, ಹೇಗೆ ಓಡಿ ಬಂತು, ದವಡೆ ಮುರಿದ ಸದ್ದು ಹೇಗಿತ್ತು, ಎಲ್ಲವನ್ನೂ ಅವನು ಬೀಗರ ಎದುರು ಅಭಿನಯಿಸಿ ತೋರಿಸಿದ್ದ. ಶೆಟ್ಟೆಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದ.

ನಿಶ್ಚಯಕ್ಕೆ ಮುಂಚೆಯೇ ಕ್ಯಾನ್ಸರ್ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಬೆಳಗಾವಿಯ ಡಾಕ್ಟರ್ ಅಜಿತ ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಜೀವಕೋಶಗಳ ಮೈಮೇಲೆ ಬಗೆಬಗೆಯ ಅಣುಗಳಿರುತ್ತವೆ. ಕೆಲವು ಅಂಟಿನಂತೆ ಒಂದು ಕೋಶವನ್ನು ಪಕ್ಕದ ಕೋಶಕ್ಕೆ ಹಿಡಿದಿಡುತ್ತವೆ. ಕ್ಯಾನ್ಸರ್ ಕೋಶ ಆ ಅಂಟು ಬಿಡಿಸಿಕೊಂಡು ರಕ್ತದಲ್ಲಿ ತೇಲಿ ಹೋಗಿ ಇನ್ನೊಂದು ಕಡೆ ತಳವೂರುತ್ತದೆ. ಮೈಯನ್ನು ಕಾಯುವ ಬಿಳಿ ರಕ್ತಕಣಗಳು ಅದನ್ನು ಕೊಲ್ಲಬೇಕು. ಆದರೆ ಅವು ಹೊಡೆಯುವ ಮೊದಲು ಎದುರಿನ ಕೋಶದ ಮೈ ಮುಟ್ಟಿ ನೋಡುತ್ತವೆ. ಅಲ್ಲಿ ‘ನಾನು ನಿಮ್ಮವನು’ ಎನ್ನುವ ಅಣು ಕೈಗೆ ಸಿಕ್ಕರೆ ಬಿಟ್ಟು ಹೋಗುತ್ತವೆ. ಮಾಲಿಂಗಪ್ಪನ ಕ್ಯಾನ್ಸರ್ ಅಂಥ ಅಣುವನ್ನು ಮೈತುಂಬ ಹೊದ್ದುಕೊಂಡಿತ್ತು.

"ತೋಳಕ್ಕ ಯಾರೋ ನಿಮ್ಮ ಕುರಿ ಬಣ್ಣ ಹಚ್ಚಿದಂಗ," ಎಂದಿದ್ದರು ಡಾಕ್ಟರ್ ಅಜಿತ. "ನಾಯಿ ನೋಡಿ ಸುಮ್ಮನಾಗತೈತಿ."

"ನಾಯಿ ಬಣ್ಣ ನೋಡೂದಿಲ್ರಿ ಸಾಹೇಬ್ರ, ವಾಸನಿ ನೋಡತೈತಿ," ಎಂದಿದ್ದ ಮಾಲಿಂಗಪ್ಪ.

"ಆತು, ವಾಸನಿ ಅನ್ರಿ. ಈಗ ಕೊಡೂ ಔಷಧಿ ನಾಯಿ ಮೂಗ ಕಟ್ಟತೈತಿ. ಆಮ್ಯಾಲ ಅದು ನಮ್ಮಾಂವ ಅಂತ ಬಿಡೂದಿಲ್ಲ, ತೋಳಾನ ಕಡೀತೈತಿ. ಆದ್ರ ಅಪರೂಪಕ್ಕ ನಿಮ್ಮ ಕುರಿನೂ ಕಡೀತೈತಿ. ಅದ ಅಂಜಿಕಿ." ಅಲ್ಲಿಂದ ಅವರು ಸತ್ತೆವ್ವನ ಕಡೆ ತಿರುಗಿದ್ದರು. "ಕೆಮ್ಮು, ದಮ್ಮು, ಭೇದಿ, ಮೈಮ್ಯಾಲ ಗುಳ್ಳಿ, ಏನ ಆಗ್ಲಿ, ನನಗ ಫೋನ್ ಮಾಡ್ರಿ. ಬ್ಯಾರೆ ಡಾಕ್ಟರ ಕಡೆ ಹ್ವಾದ್ರ ಮೊದಲ ಈ ಔಷಧಿ ಹೆಸರ ಹೇಳ್ರಿ. ಹೇಳಲಿಲ್ಲಂದ್ರ ಅವರು ಇಲ್ಲದ ಬ್ಯಾನಿಗೆ ಮದ್ದ ಮಾಡ್ತಾರ."

ಔಷಧಿಯ ಹೆಸರು ನಿವೊಲುಮ್ಯಾಬ್. ದೀಪಾ ಅವ್ವನಿಗೆ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು. ಮೂರು ವಾರಕ್ಕೊಮ್ಮೆ, ಕಡಿಮೆ ಪ್ರಮಾಣದ ಇಂಜೆಕ್ಷನ್. ಬೀಗರು ಕೇಳಿದರೆ ‘ದವಡಿ ಸ್ಕ್ರೂ ಬಿಗಿ ಮಾಡಸಾಕ ಬೆಳಗಾವಿಗೆ ಹೋಗ್ಯಾರ’ ಎನ್ನುತ್ತಿದ್ದರು. ಗುಣವೂ ಕಂಡಿತ್ತು. ಶ್ವಾಸಕೋಶದ ಕಲೆಗಳು ಸಣ್ಣವಾಗಿದ್ದವು. ಹೋದ ವಾರ ಒಣಕೆಮ್ಮು ಶುರುವಾಯಿತು. ಹಟ್ಟಿಯ ಥಂಡಿಗೆ ಬಂದ ಕೆಮ್ಮೆಂದು ಮಾಲಿಂಗಪ್ಪ ತಳ್ಳಿಹಾಕಿದ. ಇಂದು ಬೆಳಿಗ್ಗೆ ಹಾಸಿಗೆಯಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಅವನ ಉಸಿರು ನಿಂತಂತಾಗಿತ್ತು.

ಬೆಳಿಗ್ಗೆಯೇ ಹೇಳಬಹುದಿತ್ತು. ವಾರ್ಡಿನ ಡಾಕ್ಟರ್ ಐಶ್ವರ್ಯ, ವಯಸ್ಸಿನಲ್ಲಿ ದೀಪಾಳಿಗಿಂತ ಸ್ವಲ್ಪ ದೊಡ್ಡವಳು, ಮೊದಲು ಕೇಳಿದ್ದೇ ಅದು: "ಬ್ಯಾರೆ ಏನಾರ ಬ್ಯಾನಿ ಐತೇನ್ರಿ? ಯಾವದಾರ ಔಷಧಿ ತಗೋತಾರ?" ಆಗ ಟೆಂಪೋದ ಲಕ್ಷ್ಮಣ ಸಲೈನ್ ಬಾಟಲಿ ಎತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಮೂಡಲಗಿಯ ಚಹಾದಂಗಡಿಗಳಲ್ಲಿ ಓಡಾಡುತ್ತದೆ. "ಇಲ್ರಿ," ಎಂದಳು ಸತ್ತೆವ್ವ. "ಈ ಹೊಲಿಗಿ?" "ಟಗರ ಗುದ್ದಿತ್ರಿ." ಲಕ್ಷ್ಮಣ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಲಕ್ಷ್ಮಣನೋ ಊರವನ ಧರ್ಮವೆಂದು ಅಲ್ಲೇ ಕೂತ. ಬೀಗರು ಬಂದ ಮೇಲೆ ರೋಗಿಯನ್ನು ಅವರಿಗೆ ಒಪ್ಪಿಸಿಯೇ ಎದ್ದ.

ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳು ಮಂಜು ಕವಿದಂತೆ ಬೆಳ್ಳಗಿದ್ದವು. ಡಾಕ್ಟರ್ ಐಶ್ವರ್ಯ ಅದನ್ನು ನ್ಯುಮೋನಿಯಾ ಎಂದುಕೊಂಡು ಸೋಂಕಿನ ಔಷಧಿ ಹಾಕಿದ್ದಳು. ಅವಳಿಗೆ ತಿಳಿಸಿದ್ದು ಅಷ್ಟೇ. ಅಷ್ಟರಿಂದ ಬೇರೆ ಯಾವ ಡಾಕ್ಟರೂ ಬೇರೆ ತೀರ್ಮಾನಕ್ಕೆ ಬರುತ್ತಿರಲಿಲ್ಲ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಮಾಲಿಂಗಪ್ಪನ ಬೆರಳಿಗೆ ಕಚ್ಚಿಸಿದ್ದ ಯಂತ್ರ ಕೂಗತೊಡಗಿತು. ನರ್ಸ್ ಬಂದು ಆಕ್ಸಿಜನ್ ಹೆಚ್ಚಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಯಂತ್ರ ಮತ್ತೆ ಕೂಗಿತು. ಸತ್ತೆವ್ವ ಎದ್ದು ಡಾಕ್ಟರರ ಕೋಣೆಯ ಕಡೆ ಹೆಜ್ಜೆ ಹಾಕಿದಳು. ಹಿಂದೆ ಚಪ್ಪಲಿಯ ಸದ್ದಾಯಿತು.

"ಒಬ್ಬಾಕಿ ಎಲ್ಲಿಗಿ ಹೊಂಟಿ? ಇಂಥಾ ಹೊತ್ತಿನ್ಯಾಗ ನಿನ್ನ ಒಬ್ಬಾಕಿನ್ನ ಬಿಟ್ರ ನಾವು ಯಾತರ ಬೀಗ್ರು," ಎಂದಳು ಲಗಮವ್ವ, ಅವಳ ತೋಳು ಹಿಡಿದು.

"ನೀವು ಕುಂದರ್ರಿ ಅಕ್ಕಾ. ನಾ ಹಿಂಗ ಹೋಗಿ ಹಂಗ ಬರತೇನಿ."

"ಏನ ಬ್ಯಾಡ. ನಡಿ."

ಡಾಕ್ಟರ್ ಐಶ್ವರ್ಯ ವರಾಂಡದಲ್ಲೇ ಎದುರಾದಳು. ಔಷಧಿ ಹತ್ತುತ್ತಿಲ್ಲವೆಂಬುದು ಅವಳನ್ನೂ ಕಾಡುತ್ತಿತ್ತು. "ಅವ್ವಾರ, ಇನ್ನೊಮ್ಮೆ ನೆನಪ ಮಾಡ್ರಿ. ಇತ್ತೀಚಿಗೆ ಇವರಿಗೆ ಏನಾರ ಆಗಿತ್ತೇನ?"

ಸತ್ತೆವ್ವ ಬಾಯಿ ತೆರೆದಳು. ಮಾತು ಬಂದದ್ದು ಲಗಮವ್ವನ ಬಾಯಿಂದ.

"ಟಗರ ಗುದ್ದೇತ್ರಿ ಡಾಕ್ಟರಬಾಯಾರ. ದವಡಿ ಚೂರಚೂರ ಆಗಿತ್ತ. ಇವರ ಮನಿ ಟಗರ ಅಂದ್ರ ಗೋಕಾಕ ತುಂಬ ಹೆಸರ. ನನಗ ಅನಸತೈತಿ, ಅದು ಮತ್ತ ಎದಿಗೂ ಗುದ್ದಿರಬೇಕ. ಈ ಗಂಡಸ್ರು ನಾಚಿಕಿಗೆ ಹೇಳೂದಿಲ್ಲ."

"ಎದಿಗೆ ಗುದ್ದೇತೇನ್ರಿ?" ಡಾಕ್ಟರರ ಹುಬ್ಬು ಗಂಟಿಕ್ಕಿತು. ಅವಳು ಸತ್ತೆವ್ವನನ್ನು ನೋಡಿದಳು. "ಹಂಗಿದ್ರ ಒಳಗ ರಕ್ತ ನಿಂತೈತೇನ ನೋಡಬೇಕ. ಸೂಜಿ ಹಾಕಿ ತಗಿಯೂದ ಬರಬಹುದು," ಎನ್ನುತ್ತ ನರ್ಸನ್ನು ಕರೆಯಲು ಹೋದಳು.

ದವಡೆಗೇ ಗುದ್ದದ ಟಗರು ಈಗ ಎದೆಗೂ ಗುದ್ದಿತ್ತು. ಅದಕ್ಕೆಂದು ಗಂಡನ ಪಕ್ಕೆಗೆ ಸೂಜಿ ಚುಚ್ಚುತ್ತಾರೆ. ಅಷ್ಟರಲ್ಲಿ ಸತ್ತೆವ್ವನ ಸೆರಗಿನ ಗಂಟಿನಲ್ಲಿದ್ದ ಫೋನು ಹೊಡೆದುಕೊಂಡಿತು. ದೀಪಾ. ಮನೆಯಲ್ಲಿ ಈಯುವ ಕುರಿಗಳಿದ್ದವು, ಅವನ್ನು ನೋಡಲು ಬೇರೆ ಯಾರೂ ಇರಲಿಲ್ಲವೆಂದು ಅವಳನ್ನು ಬಿಟ್ಟು ಬಂದಿದ್ದರು.

"ಅವ್ವಾ, ಡಾಕ್ಟರಿಗೆ ಹೇಳಿದಿ ಹೌದಿಲ್ಲೊ? ಬೆಳಗಾವಿಗೆ ನಾ ಫೋನ್ ಮಾಡ್ಲೇನ?"

ಫೋನಿನ ದನಿ ದೊಡ್ಡದು. ಲಗಮವ್ವ ಒಂದು ಮೊಳ ದೂರದಲ್ಲಿ ನಿಂತಿದ್ದಳು.

"ಹೂಂ," ಎಂದಳು ಸತ್ತೆವ್ವ. "ಹೇಳೇನಿ. ಎಲ್ಲಾ ಹೇಳೇನಿ. ನೀ ಏನ ಕಾಳಜಿ ಮಾಡಬ್ಯಾಡ."

ಫೋನು ಇಟ್ಟ ಮೇಲೆ ತಾನು ಆಡಿದ್ದರ ಅರ್ಥ ಅವಳ ತಲೆಗೆ ಹತ್ತಿತು. ಖರೆ ಗೊತ್ತಿದ್ದ ಇನ್ನೊಂದು ಜೀವವನ್ನೂ ಅವಳು ಸುಮ್ಮನಾಗಿಸಿದ್ದಳು. ಇನ್ನು ಈ ಕಟ್ಟಡದಲ್ಲಿ ಅವಳೊಬ್ಬಳು ಬಾಯಿ ಬಿಡದಿದ್ದರೆ ಯಾರೂ ಬಿಡುವಂತಿಲ್ಲ.

ವಾರ್ಡಿಗೆ ಮರಳಿದಾಗ ಶೆಟ್ಟೆಪ್ಪ ಬೀಗನ ಅಂಗಾಲು ತಿಕ್ಕುತ್ತಿದ್ದ. ಮಾಲಿಂಗಪ್ಪನ ತುಟಿಗೆ ನೀಲಿ ಬಂದಿತ್ತು. ಪ್ರತಿ ಉಸಿರಿಗೂ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ಮೈಯೊಳಗೆ ಅದೇ ನಾಯಿಗಳು ಗುರುತು ತಪ್ಪಿ ಓಡಾಡುತ್ತಿವೆ ಎಂದು ಸತ್ತೆವ್ವನಿಗೆ ಗೊತ್ತಿತ್ತು. ಅವಳು ಹತ್ತಿರ ಬಂದದ್ದೇ ಗಂಡ ಅವಳ ಮುಂಗೈ ಹಿಡಿದ. ಅವಳ ಮುಖ ನೋಡಿದ, ಬೀಗರನ್ನು ನೋಡಿದ, ಮತ್ತೆ ಅವಳನ್ನು ನೋಡಿ ತಲೆಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪವೇ ಆಡಿಸಿದ. ಬ್ಯಾಡ.

ಅವನಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಬೇಡವೆನ್ನುತ್ತಿದ್ದ. ಸತ್ತೆವ್ವ ಈ ತನಕ ಅವನ ಸಾವಿಗೆ ಹೆದರಿದ್ದಳು. ಅವನು ಅದಕ್ಕೆ ಒಪ್ಪಿ ಮಲಗಿದ್ದಾನೆಂದು ಕಂಡಾಗ ಹುಟ್ಟಿದ ಹೆದರಿಕೆ ಬೇರೆಯದು. ಅದು ಅವಳನ್ನು ಹಿಡಿದು ನಿಲ್ಲಿಸಲಿಲ್ಲ, ಮುಂದಕ್ಕೆ ದೂಡಿತು.

ಡಾಕ್ಟರ್ ಐಶ್ವರ್ಯ ಸೂಜಿಯ ತಟ್ಟೆ ಹಿಡಿದ ನರ್ಸಿನೊಡನೆ ಒಳಗೆ ಬಂದಳು. "ಎಲ್ಲಾರೂ ಸ್ವಲ್ಪ ಹೊರಗ ನಿಂದರ್ರಿ."

"ಟಗರ ಗುದ್ದಿಲ್ರಿ," ಎಂದಳು ಸತ್ತೆವ್ವ.

ದನಿ ಸಣ್ಣದಾಗಿತ್ತು. ಶೆಟ್ಟೆಪ್ಪ ಅಂಗಾಲು ತಿಕ್ಕುವುದನ್ನು ನಿಲ್ಲಿಸಿದ.

"ಎದಿಗೂ ಗುದ್ದಿಲ್ಲ, ದವಡಿಗೂ ಗುದ್ದಿಲ್ಲ. ಅದು ಕ್ಯಾನ್ಸರ. ದವಡ್ಯಾಗಿಂದ ಕುತಿಗಿಗೆ ಬಂತ, ಅಲ್ಲಿಂದ ಪುಪ್ಪಸಕ್ಕ ಹೋತ. ಬೆಳಗಾವ್ಯಾಗ ನಿವೊಲುಮ್ಯಾಬ್ ಕೊಡಾಕತ್ತಾರ್ರಿ. ನಿವೊಲುಮ್ಯಾಬ್. ದಮ್ಮ ಬಂದ್ರ ಮೊದಲ ಇದನ್ನ ಹೇಳ ಅಂತ ಡಾಕ್ಟರ ಹೇಳಿದ್ರು. ನಾ ಹೇಳಲಿಲ್ಲ."

ಮಾಲಿಂಗಪ್ಪ ಕಣ್ಣು ಮುಚ್ಚಿಕೊಂಡ. ಡಾಕ್ಟರ್ ಐಶ್ವರ್ಯ ಬಯ್ಯಲಿಲ್ಲ. ಕೊನೆಯ ಇಂಜೆಕ್ಷನ್ ಯಾವಾಗ ಆಗಿತ್ತು, ಕೊಟ್ಟ ಡಾಕ್ಟರರ ಹೆಸರೇನು ಎಂದಷ್ಟೇ ಕೇಳಿ, ಸೂಜಿಯ ತಟ್ಟೆಯನ್ನು ವಾಪಸು ಕಳಿಸಿ, ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದಳು. ಮರಳಿ ಬಂದಾಗ ಕೈಯಲ್ಲಿ ಬೇರೆ ಇಂಜೆಕ್ಷನ್ ಇತ್ತು.

"ಇದು ಸ್ಟಿರಾಯ್ಡ್. ನಾವು ಬೆಳಗಿನಿಂದ ಕ್ರಿಮಿ ಹುಡಕಾಕತ್ತಿದ್ವಿ. ಒಳಗ ಉರಿ ಎಬ್ಬಿಸಿದ್ದು ಅವರದ ಬಿಳಿ ರಕ್ತಕಣ ಅಂತ ಡಾಕ್ಟರ್ ಅಜಿತ ಅವರೂ ಹೇಳಾಕತ್ತಾರ. ಅವನ್ನ ತಣ್ಣಗ ಮಾಡಬೇಕ. ಸೋಂಕಿನ ಔಷಧಿನೂ ಈಗ ನಿಲ್ಲಸೂದಿಲ್ಲ. ಉಸಿರ ಸ್ವಲ್ಪ ಹತೋಟಿಗೆ ಬಂದ್ರ ಅಂಬುಲೆನ್ಸಿನ್ಯಾಗ ಬೆಳಗಾವಿಗೆ ಕಳಸ್ತೇನಿ."

"ಅವು ತಣ್ಣಗಾದ್ರ ಆ ಬ್ಯಾನಿ ಮತ್ತ ಏಳೂದಿಲ್ಲೇನ್ರಿ?" ಎಂದು ಕೇಳಿದಳು ಸತ್ತೆವ್ವ.

"ಏಳಬಹುದು," ಎಂದಳು ಡಾಕ್ಟರ್. "ಮೊದಲ ಇವರು ಉಸಿರಾಡಲಿ."

ಲಗಮವ್ವ ಗೋಡೆಗೆ ಒರಗಿ ನಿಂತಿದ್ದಳು. ಶೆಟ್ಟೆಪ್ಪ ಟೋಪಿ ತೆಗೆದು ನೋಡಿ ಮತ್ತೆ ಹಾಕಿಕೊಂಡ. ಅವನು ಸತ್ತೆವ್ವನನ್ನು ನೋಡದೆ ಮಾಲಿಂಗಪ್ಪನನ್ನೇ ನೋಡುತ್ತ ಹೇಳಿದ: "ನಾ ಅಷ್ಟ ನಕ್ಕಿದ್ನಲ್ಲ ಬೀಗ್ರ." ಆಮೇಲೆ ಹೆಂಡತಿಗೆ ಸನ್ನೆ ಮಾಡಿದ. ‘ಬರತೇವಿ’ ಎನ್ನದೆ ಇಬ್ಬರೂ ಹೊರಟು ಹೋದರು. ಬುತ್ತಿಯ ಬಟ್ಟೆ ಮಂಚದ ಮೇಲೆಯೇ ಉಳಿಯಿತು.

ಮಾಲಿಂಗಪ್ಪನನ್ನು ಮರುದಿನ ಬೆಳಗಾವಿಗೆ ಸಾಗಿಸಿದರು. ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ದೀಪಾ ಬಂದಳು. ಅವ್ವ ಫೋನಿನಲ್ಲಿ ಸುಳ್ಳು ಹೇಳಿದ್ದು ಅವಳಿಗೆ ತಿಳಿದಿತ್ತು. ಐಸಿಯುವಿನ ಬಾಗಿಲ ಹೊರಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಒಳಗಿನಿಂದ ನರ್ಸ್ ಹೊರಬಂದಾಗಲೆಲ್ಲ ಸತ್ತೆವ್ವ ಎದ್ದು ನಿಲ್ಲುತ್ತಿದ್ದಳು. ಒಂದೊಂದು ಸಲ ಅವರು ಬೇರೆ ಯಾರದೋ ಹೆಸರು ಕೂಗುತ್ತಿದ್ದರು. ಹಾಗೆ ಹೆಸರು ಕೂಗಿಸಿಕೊಂಡು ಒಳಹೋದ ರಾಮದುರ್ಗದ ಕಡೆಯ ಹೆಂಗಸೊಬ್ಬಳು ಅಳುತ್ತ ಹೊರಬಂದದ್ದನ್ನು ಅವಳು ನೋಡಿದಳು.

ಮೂರನೆಯ ದಿನ ಮಾಸ್ಕು ತೆಗೆದು ಮೂಗಿಗೆ ಸಣ್ಣ ಕೊಳವೆ ಹಾಕಿದರು. ಉಸಿರು ಹಗುರಾಗಿತ್ತು. ಡಾಕ್ಟರ್ ಅಜಿತ ಖುಷಿಯನ್ನು ತೋರಿಸಿಕೊಳ್ಳಲಿಲ್ಲ. ಸ್ಟಿರಾಯ್ಡನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು, ನಿವೊಲುಮ್ಯಾಬನ್ನು ಇನ್ನು ಮುಂದೆ ಕೊಡುವಂತಿಲ್ಲ, ಕ್ಯಾನ್ಸರ್ ಸುಮ್ಮನಿರುತ್ತದೋ ಏಳುತ್ತದೋ ಕಾದು ನೋಡಬೇಕು ಎಂದರು. ಸತ್ತೆವ್ವ ಎಲ್ಲಕ್ಕೂ ತಲೆಯಾಡಿಸಿದಳು. ಒಳಗೆ ಹೋದಾಗ ಗಂಡ ಕೇಳಿದ್ದು ಒಂದೇ.

"ದಡ್ಡಿಯಿಂದ ಏನರ ಹೇಳಿ ಕಳಿಸ್ಯಾರೇನ?"

"ಇಲ್ಲ."

ಅವನು ಗೋಡೆಯ ಕಡೆ ಹೊರಳಿದ.

ಆ ದಿನವೇ ಲಗಮವ್ವ ಬಂದಳು. ಒಬ್ಬಳೇ ಬಂದಿದ್ದಳು. ರೋಗಿಯನ್ನು ನೋಡುತ್ತೇನೆ ಎನ್ನಲಿಲ್ಲ. ವರಾಂಡದ ಕೊನೆಯ ಬೆಂಚಿಗೆ ಸತ್ತೆವ್ವನನ್ನು ಕರೆದುಕೊಂಡು ಹೋಗಿ ಕೂತಳು.

"ಮೊದಲ ಹೇಳಿದ್ರ ನಾವು ಈ ಸಂಬಂಧ ಮಾಡ್ತಿರಲಿಲ್ಲ. ನಿನ್ನ ಮುಂದ ಸುಳ್ಳ ಯಾಕ ಆಡಲಿ."

"ಗೊತ್ರಿ ಅಕ್ಕಾ. ಅದಕ್ಕ ಹೇಳಲಿಲ್ಲ."

"ಹುಡುಗಿಗೂ ಬರೂದೈತೇನ ಅದು?"

"ಡಾಕ್ಟರಿಗೆ ಕೇಳೇನ್ರಿ. ಇದು ತಂಬಾಕದಿಂದ ಬಂದದ್ದಂತ. ಮನಿತನದಾಗ ಇಳದ ಬಂದದ್ದಲ್ಲಂತ."

ಇದನ್ನು ಕೇಳಿ ಲಗಮವ್ವನಿಗೆ ನಿರಾಳವಾಗುತ್ತದೆಂದು ಸತ್ತೆವ್ವ ಎಣಿಸಿದ್ದಳು. ಲಗಮವ್ವನ ಮುಖ ಮಾತ್ರ ಇನ್ನಷ್ಟು ಬಿಳಿಚಿತು.

"ಮೊದಲಿಗೆ ಅವರಿಗೆ ಹೆಂಗ ಇತ್ತ? ಕೆನ್ನ್ಯಾಗ?"

"ಬೆಳ್ಳಗ ಆಗಿತ್ತ. ಖಾರ ತಿಂದ್ರ ಬೆಂಕಿ ಹಚ್ಚಿದಂಗ ಆಗತಿತ್ತ. ಆಮ್ಯಾಲ ಹುಣ್ಣ. ನೋವ ಇರಲಿಲ್ಲ ಅಂತ ಬಿಟ್ವಿ. ಕಡಿಕ ಬಾಯಿನ ತೆರಿಯಾಕ ಬರಲಿಲ್ಲ."

ಲಗಮವ್ವ ವರಾಂಡದ ಎರಡೂ ಬದಿ ನೋಡಿದಳು. ಆಮೇಲೆ ಕಿಟಕಿಯ ಬೆಳಕಿಗೆ ಮುಖ ಹಿಡಿದು ಬೆರಳಿನಿಂದ ಕೆನ್ನೆ ಎಳೆದು ತೋರಿಸಿದಳು. ಸುಟ್ಟ ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಒಸಡು ಕಪ್ಪಾಗಿತ್ತು. ಅದರ ಪಕ್ಕದಲ್ಲಿ ಕೆನ್ನೆ ಒಳಗಿನಿಂದ ಸುಣ್ಣ ಬಳಿದಂತಿತ್ತು. ಬಿಳುಪಿನ ನಡುವೆ ಕೆಂಪಗೆ, ಅಂಚು ಗಟ್ಟಿಯಾದ ಒಂದು ಹುಣ್ಣು.

"ಯುಗಾದಿಯಿಂದ ಐತಿ," ಎಂದಳು. "ನಮ್ಮ ಮನ್ಯಾಗ ಯಾರಿಗೂ ಹೇಳಿಲ್ಲ. ಹುಡುಗನ ಮದಿವಿ ಒಂದ ಆಗಿ ಹೋಗ್ಲಿ ಅಂತ ಸುಮ್ಮನ ಅದೇನಿ. ಸತ್ತೆಕ್ಕಾ, ಇದು ಅದ ಅಲ್ಲಲ್ಲ? ಅಲ್ಲ ಅಂತ ಹೇಳಿಬಿಡು, ನಾ ಇಲ್ಲಿಂದ ಇಲ್ಲೇ ಬಸ್ ಹತ್ತತೇನಿ."

ಅಲ್ಲ ಎಂದರೆ ಇವಳು ಹೋಗುತ್ತಾಳೆ, ಮದುವೆಯೂ ಪ್ರಾಯಶಃ ಆಗುತ್ತದೆ. ಈ ಮುಖದಲ್ಲಿದ್ದ ಆಸೆ ಸತ್ತೆವ್ವನಿಗೆ ಹೊಸದಲ್ಲ. ಹೋದ ವರ್ಷ ಬಸ್ಸಿನಲ್ಲಿ ಗಂಡನ ಕಣ್ಣಲ್ಲಿ ಅದನ್ನು ಕಂಡು ಅವಳು ಹೂಂ ಎಂದಿದ್ದಳು. ಎದ್ದು ನಿಂತು ಲಗಮವ್ವನ ಮುಂಗೈ ಹಿಡಿದಳು.

"ಏಳು."

"ಈಗ ಬ್ಯಾಡ. ನಮ್ಮವರಿಗೆ ಹೇಳಿ ಬರತೇನಿ."

"ಬರೂದಿಲ್ಲ ನೀ. ನನಗ ಗೊತ್ತೈತಿ. ಏಳು."

ಲಗಮವ್ವ ಒಂದೆರಡು ಸಲ ಕೈ ಎಳೆದುಕೊಂಡಳು. ಸತ್ತೆವ್ವ ಬಿಡಲಿಲ್ಲ. ದೀಪಾ ದೂರದಿಂದ ನೋಡಿ ಓಡಿ ಬಂದಳು. ಏನೆಂದು ಕೇಳದೆ ಮುಂದಿನ ಅತ್ತೆಯ ಇನ್ನೊಂದು ಕೈ ಹಿಡಿದಳು. ಮೂವರೂ ಕೆಳಗಿನ ಮಹಡಿಗೆ ಇಳಿದರು. ಹೊರರೋಗಿಗಳ ಸಾಲು ಕರಗಿತ್ತು. ಡಾಕ್ಟರ್ ಅಜಿತ ಎದ್ದು ಹೊರಡುವುದರಲ್ಲಿದ್ದವರು ಸತ್ತೆವ್ವನನ್ನು ಕಂಡು ಕೂತರು.

"ಬಾಯಿ ತಗೀರಿ," ಎಂದರು ಲಗಮವ್ವನಿಗೆ.

ಲಗಮವ್ವ ತೆಗೆದಳು. ಎರಡು ಬೆರಳು ಹೋಗುವಷ್ಟೇ ತೆರೆಯಿತು. ಡಾಕ್ಟರರು ಟಾರ್ಚು ಹಚ್ಚಿ ಬಾಗಿದರು. ಸತ್ತೆವ್ವ ಬಾಯಿಯ ಕಡೆ ನೋಡದೆ ಡಾಕ್ಟರರ ಮುಖವನ್ನೇ ನೋಡುತ್ತ ನಿಂತಳು. ಆ ಮುಖದ ಮೇಲೆ ಏನೂ ಕಾಣಲಿಲ್ಲ. ಅವರು ಕೈಗವಸು ಹಾಕಿಕೊಂಡು ಒಂದು ಬೆರಳನ್ನು ಲಗಮವ್ವನ ಕಿವಿಯ ಕೆಳಗೆ ಇಟ್ಟರು. ಅಲ್ಲಿಂದ ಕುತ್ತಿಗೆಯುದ್ದಕ್ಕೂ ಮೆಲ್ಲಗೆ ಒತ್ತುತ್ತ ಇಳಿದರು. ಒಂದು ಕಡೆ ಬೆರಳು ನಿಂತಿತು, ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಈ ಗಂಟ ಯಾವಾಗಿನಿಂದ ಐತ್ರಿ?" ಎಂದು ಕೇಳಿದರು.